ಮಣಿಕಟ್ಟಿನ ಗುಮಾಸ್ತ

ಗೋಕಾಕಕ್ಕೆ ಬಂದವರು ಎರಡನ್ನು ಕಾಣದೆ ಹಿಂದಿರುಗುವುದಿಲ್ಲ: ಒಂದು ಘಟಪ್ರಭೆಯ ಜಲಪಾತ, ಇನ್ನೊಂದು ಕರದಂಟು. ಮೊದಲನೆಯದನ್ನು ಕಣ್ತುಂಬ ನೋಡಿದರೆ ಸಾಕು. ಎರಡನೆಯದರ ವಿಷಯದಲ್ಲಿ ಮನುಷ್ಯನಿಗೆ ಅಷ್ಟರಿಂದಲೇ ತೃಪ್ತಿಯಾಗದು. ಬೆಲ್ಲ, ಒಣಕೊಬ್ಬರಿ, ಗೋಡಂಬಿ, ತುಪ್ಪದಲ್ಲಿ ಕರಿದ ಅಂಟು ಇವುಗಳಿಂದಾದ ಈ ತಿನಿಸು ಮೈಮುರಿದು ದುಡಿಯುವವರಿಗೆ ಹೇಳಿಸಿದ್ದು. ಇಂದು ಅದನ್ನು ಮೆಲ್ಲುವವರಲ್ಲಿ ಕುರ್ಚಿಯ ಮೇಲೆಯೇ ದಿನ ಕಳೆಯುವವರೂ ಬಹುಮಂದಿ. ನೂರು ಗ್ರಾಂ ಬೆಲ್ಲವೊಂದರಲ್ಲಿಯೇ ಸುಮಾರು ೩೮೦ ಕ್ಯಾಲೊರಿ ಶಕ್ತಿಯುಂಟು. ೭೦ ಕಿಲೋ ತೂಕದವರು ಅದನ್ನು ಕರಗಿಸಬೇಕಾದರೆ ಊರಿನಿಂದ ಜಲಪಾತದವರೆಗಿನ ಸುಮಾರು ೬ ಕಿಲೋಮೀಟರು ದಾರಿಯನ್ನು ನಡೆದು, ಇನ್ನೂ ಒಂದು ಕಿಲೋಮೀಟರು ಮುಂದುವರಿಯಬೇಕು. ಅಲ್ಲಿ ಮುಂದಿರುವುದು ಪ್ರಪಾತವೆಂಬುದು ಬೇರೆ ಮಾತು.

ಈ ಲೆಕ್ಕವನ್ನಿಡಲು ಈಗ ಮಣಿಕಟ್ಟಿಗೊಬ್ಬ ಗುಮಾಸ್ತ ಬಂದಿದ್ದಾನೆ. ಗಡಿಯಾರದಂತೆಯೇ ತೋರುವ ಈ ಯಂತ್ರದೊಳಗೆ ಚಲನೆಯನ್ನರಿಯುವ ಸೂಕ್ಷ್ಮ ಉಪಕರಣವೊಂದಿದೆ. ಕೈ ಬೀಸುವ ಲಯದಿಂದ ಅದು ಹೆಜ್ಜೆಯನ್ನು ಊಹಿಸುತ್ತದೆ. ಅಡಿಯಲ್ಲಿ ಮಿನುಗುವ ಹಸುರು ಬೆಳಕು ಚರ್ಮದೊಳಗಿನ ರಕ್ತದ ಏರಿಳಿತದಿಂದ ನಾಡಿಯನ್ನು ಎಣಿಸುತ್ತದೆ. ಊಹೆಯೆಂದ ಮೇಲೆ ತಪ್ಪೂ ಉಂಟಷ್ಟೆ. ರೊಟ್ಟಿ ಬಡಿಯುವ ಕೈಯನ್ನು ಅದು ನಡಿಗೆಯೆಂದು ಭ್ರಮಿಸಬಹುದು. ತಳ್ಳುಗಾಡಿಯ ಹಿಡಿಕೆಯನ್ನು ಬಿಗಿಹಿಡಿದು ಹುಕ್ಕೇರಿಯ ಪೇಟೆಯನ್ನೆಲ್ಲ ಸುತ್ತಿದವನ ಹೆಜ್ಜೆಗಳನ್ನು ಮರೆಯಬಹುದು. ಮೊಬೈಲನ್ನು ಬದುವಿನ ಮೇಲಿಟ್ಟು ಮೂಡಲಗಿಯ ಕಬ್ಬಿನ ಹೊಲದಲ್ಲಿ ದಿನವಿಡೀ ದುಡಿದವನು ಆ ಮೊಬೈಲಿನ ದೃಷ್ಟಿಯಲ್ಲಿ ಹಾಸಿಗೆ ಬಿಟ್ಟೇಳದ ಸೋಮಾರಿ!

ದಿನಕ್ಕೆ ಹತ್ತು ಸಾವಿರ ಹೆಜ್ಜೆಯೆಂಬ ವಿಧಿ ವೈದ್ಯಶಾಸ್ತ್ರದಿಂದ ಹುಟ್ಟಿದ್ದಲ್ಲ. ೧೯೬೫ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಂಪೊ-ಕೆಯ್’ ಎಂಬ ಹೆಜ್ಜೆಮಾಪಕದ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಗಳ ಮಾಪಕವೆಂದು. ೨೦೧೯ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ವೃದ್ಧ ಮಹಿಳೆಯರಿಗೆ ೪,೪೦೦ ಹೆಜ್ಜೆಗಳಲ್ಲಿಯೇ ಆಯುಷ್ಯದ ಲಾಭ ಕಂಡುಬಂದು, ೭,೫೦೦ರ ಸುಮಾರಿಗೆ ಅದು ಹೆಚ್ಚುವುದು ನಿಂತಿತು.

ಹಾಗಾದರೆ ಮೈ ಕರಗುವುದೇ? ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ೪೭೧ ಮಂದಿ ತರುಣ ತರುಣಿಯರ ಮೇಲೆ ನಡೆಸಿದ ಪರೀಕ್ಷೆಯ ಫಲ ೨೦೧೬ರಲ್ಲಿ ಹೊರಬಿದ್ದಿತು. ಪಥ್ಯ, ವ್ಯಾಯಾಮ, ಸಲಹೆ ಎಲ್ಲರಿಗೂ ದೊರೆತಿದ್ದವು. ಆರು ತಿಂಗಳ ಬಳಿಕ ಒಂದು ಗುಂಪಿಗೆ ಯಂತ್ರವನ್ನೂ ತೊಡಿಸಿದರು. ಎರಡು ವರ್ಷ ತುಂಬಿದಾಗ ಯಂತ್ರ ತೊಟ್ಟವರು ಇಳಿಸಿಕೊಂಡದ್ದು ೩.೫ ಕಿಲೋ, ತೊಡದವರು ೫.೯ ಕಿಲೋ! ಗುಮಾಸ್ತನು ಖರ್ಚನ್ನು ಬರೆಯುತ್ತಾನೆ, ತಟ್ಟೆಯ ಜಮೆಯನ್ನು ಬರೆಯುವುದಿಲ್ಲ; ನಡೆದು ಬಂದೆವೆಂದು ತಮಗೆ ತಾವೇ ಒಂದು ತುಂಡು ಬಹುಮಾನ ಕೊಟ್ಟುಕೊಳ್ಳುವವರು ಯಾವ ಊರಿನಲ್ಲಿಲ್ಲ? ಆದರೂ ಅವನನ್ನು ಕೆಲಸದಿಂದ ತೆಗೆಯಬೇಕಾಗಿಲ್ಲ. ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿದ ೨೦೨೨ರ ವಿಮರ್ಶೆಯ ಪ್ರಕಾರ ಇಂಥ ಯಂತ್ರಗಳಿಂದ ದಿನಕ್ಕೆ ಸುಮಾರು ೧,೮೦೦ ಹೆಜ್ಜೆ ಹೆಚ್ಚುತ್ತದೆ, ತೂಕ ಒಂದು ಕಿಲೋದಷ್ಟು ಇಳಿಯುತ್ತದೆ. ಅಲ್ಪವಾದರೂ ಲಾಭವೇ.

ಆದರೆ ಈ ಗುಮಾಸ್ತನನ್ನು ಯಾರ ಕೈಗೆ ಕಟ್ಟುತ್ತಾರೆ? ಬಹುಮಟ್ಟಿಗೆ ಯಜಮಾನನ ಕೈಗೆ, ಇಲ್ಲವೆ ಕಾಲೇಜಿಗೆ ಹೋಗುವ ಮಗನ ಕೈಗೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳಂತೆ ಹೊಟ್ಟೆಯ ಬೊಜ್ಜು ದೇಶದ ಗಂಡಸರಲ್ಲಿ ಶೇಕಡ ೧೨, ಹೆಂಗಸರಲ್ಲಿ ಶೇಕಡ ೪೦. ಗೃಹಿಣಿ ಕುಳಿತಿರುತ್ತಾಳೆಂದಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ನೂರು ಬಾರಿ ತಿರುಗಿದರೂ ಉಸಿರು ತುಸು ಏರುವ ಬಿರುನಡಿಗೆ ಅದಾಗದು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ೧೫೦ ನಿಮಿಷವಾದರೂ ಬೇಕೆನ್ನುವುದು ಅಂಥ ಶ್ರಮವನ್ನು. ಅದಕ್ಕೆ ಬೀದಿ ಬೇಕು. ಬೀದಿಗಿಳಿದರೆ ಈ ಊರುಗಳಲ್ಲಿ ಕಟ್ಟೆಕಟ್ಟೆಗೂ ಒಂದೇ ಪ್ರಶ್ನೆ: “ಎಲ್ಲಿಗೆ ಹೊಂಟೀರಿ?” ಗುಡಿಗೆ, ಸಂತೆಗೆ, ತವರಿಗೆ ಎಂದು ಉತ್ತರಿಸಬಹುದು, ಎಲ್ಲಿಗೂ ಅಲ್ಲ, ಸುಮ್ಮನೆ ನಡೆಯುವುದಕ್ಕೆ ಎಂದು ಹೇಳಲು ನಾಲಗೆ ಏಳದು. ಕಾರಣವಿಲ್ಲದೆ ನಡೆಯುವ ಹೆಣ್ಣಿಗೆ ಒಂದು ಕಾರಣವನ್ನು ಒದಗಿಸುವ ಶಕ್ತಿ ಈ ಯಂತ್ರಕ್ಕುಂಟು. ಕಟ್ಟೆಯಲ್ಲಿ ಕುಳಿತವರು ಕೇಳಿದಾಗ ಕೈಯ ಕಡೆ ನೋಡಿ ಅವಳು ಹೇಳಬಹುದು: “ಇನ್ನೂ ಎರಡು ಸಾವಿರ ಉಳದಾವ್ರಿ.”