ಸಾಲವನ್ನು ನೆರವು ಎನ್ನಬೇಡಿ

ಸಂಕಷ್ಟದ ಮನೆಗಳಿಗೆ ಸರ್ಕಾರ ಕೈಗೆ ದುಡ್ಡು ಕೊಟ್ಟರೆ ಜನ ದುಡಿಮೆ ಮರೆಯುತ್ತಾರೆ, ಸುಲಭವಾಗಿ ಸಿಗುವ ಸಣ್ಣ ಸಾಲವೇ ಸಾಕು ಎಂಬುದು ಈಚೆಗೆ ಅಚ್ಚಾದ ಲೇಖನವೊಂದರ ವಾದ.

ಆ ಲೇಖಕರು 2019ರ ಆಗಸ್ಟ್ ತಿಂಗಳನ್ನು ನೆನೆಯಬೇಕು. ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ, ಕೆಳಭಾಗದ ರಾಮದುರ್ಗದ ಮನೆಗಳಿಗೆ ನುಗ್ಗಿತು. ಅದು ನೇಕಾರರ ಊರು. ಮಗ್ಗದ ಕುಣಿಯಲ್ಲಿ ಕೆಸರು ನಿಂತು, ಹಾಸಿನ ನೂಲು ನೆನೆದು ಹಾಳಾದ ಮೇಲೆ ನೇಕಾರ ನೇಯುವುದಾದರೂ ಎಲ್ಲಿ ಕೂತು? ಆಗ ಸಂತ್ರಸ್ತ ಕುಟುಂಬಕ್ಕೆ ಸರ್ಕಾರ ಘೋಷಿಸಿದ ತುರ್ತು ಪರಿಹಾರ 10,000 ರೂಪಾಯಿ. ಪಾತ್ರೆ, ಬಟ್ಟೆ, ರೇಷನ್‌ಗೇ ಮುಗಿಯುವ ಮೊತ್ತದಿಂದ ಯಾರ ದುಡಿಮೆಯೂ ಕೆಡುವುದಿಲ್ಲ.

ಇನ್ನು ಸಾಲದ ಮಾತು. ಸಾಲವೇ ಮದ್ದಾಗಿದ್ದರೆ, ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆ ತರಬೇಕಾಗುತ್ತಿರಲಿಲ್ಲ. ಗಳಿಕೆ ನಿಂತ ವಾರವೂ ಕಂತು ನಿಲ್ಲುವುದಿಲ್ಲ.

ದುಡಿಯುವವರೇ ತೀರಿಕೊಂಡ ಬಿಪಿಎಲ್ ಮನೆಗೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದೇ ಸಲ 20,000 ರೂಪಾಯಿ ಸಿಗುತ್ತದೆ. ಇದನ್ನೂ ಬಿಟ್ಟಿ ದುಡ್ಡು ಎನ್ನುವುದು ಅನ್ಯಾಯ. ದುರುಪಯೋಗ ಆಗುವುದೇ ಇಲ್ಲವೆಂದಲ್ಲ. ಅದನ್ನು ಸರಿಯಾದ ಪಂಚನಾಮೆಯಿಂದ ತಡೆಯಬೇಕು, ನೆರವನ್ನೇ ಕತ್ತರಿಸಿ ಅಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ತಹಶೀಲ್ದಾರ್ ಕಚೇರಿಗಳು ಇಂಥ ಅರ್ಜಿಗಳನ್ನು ದಿನ ಎಳೆಯದೆ ವಿಲೇವಾರಿ ಮಾಡಲಿ.