ತಟ್ಟೆಯ ಇನ್ನೊಂದು ಮಗ್ಗುಲು

‘ಟೇಂಟೆಡ್ ಲವ್’ ಹಾಡನ್ನು ಗ್ಲೋರಿಯಾ ಜೋನ್ಸ್ 1964ರಲ್ಲಿ ಹಾಡಿದಾಗ ಅದಕ್ಕೆ ಸಿಕ್ಕಿದ್ದು ಸಿಂಗಲ್ ತಟ್ಟೆಯ ಬಿ ಬದಿ. ಎ ಬದಿಯ ಹಾಡೇ ಅಮೆರಿಕದಲ್ಲಿ ಓಡಲಿಲ್ಲ, ಬೆನ್ನಿಗಿದ್ದುದನ್ನು ಕೇಳುವವರೆಲ್ಲಿ? ಎಪ್ಪತ್ತರ ದಶಕದಲ್ಲಿ ಡಿಜೆ ರಿಚರ್ಡ್ ಸರ್ಲಿಂಗ್ ಆ ತಟ್ಟೆಯನ್ನು ಇಂಗ್ಲೆಂಡಿಗೆ ತಂದು ಮಗುಚಿ ಹಾಕಿದರು. ಅಮೆರಿಕದ ಕಪ್ಪು ಜನರ ಹಳೆಯ ಸೋಲ್ ಹಾಡುಗಳನ್ನು ಹಾಕುತ್ತಿದ್ದ ಉತ್ತರ ಇಂಗ್ಲೆಂಡಿನ ‘ನಾರ್ದರ್ನ್ ಸೋಲ್’ ಕ್ಲಬ್ಬುಗಳಲ್ಲಿ ಯುವಜನ ಅದಕ್ಕೆ ರಾತ್ರಿಯಿಡೀ ಕುಣಿದರು. ಇಂಥ ಹಾಡು ಹಿಂದೆ ಉಳಿದದ್ದು ಕಳಪೆಯಾಗಿದ್ದಕ್ಕೆ ಎನ್ನುವುದು ಸುಲಭ. ಆದರೆ ಬದಿ ಯಾವುದೆಂದು ತೀರ್ಮಾನಿಸುತ್ತಿದ್ದುದು ಕಿವಿಯಷ್ಟೇ ಅಲ್ಲ, ಲೆಕ್ಕದ ಪುಸ್ತಕವೂ ಹೌದು. ಒಂದು ತಟ್ಟೆ ಮಾರಾಟವಾದರೆ ಎರಡೂ ಬದಿಯ ಹಾಡು ಬರೆದವರಿಗೆ ರಾಯಲ್ಟಿ ಸಲ್ಲುತ್ತಿತ್ತು. ಹಾಗಾಗಿ ನಿರ್ಮಾಪಕರು ಬಿ ಬದಿಗೆ ತಮ್ಮದೇ ರಚನೆ ತುರುಕುವುದು ರೂಢಿ. ಫಿಲ್ ಸ್ಪೆಕ್ಟರ್ ಅಂತೂ ರೇಡಿಯೊದವರು ತಟ್ಟೆ ಮಗುಚಲೇಬಾರದೆಂದು ಅಲ್ಲಿ ಗೊತ್ತುಗುರಿಯಿಲ್ಲದ ವಾದ್ಯಸಂಗೀತ ತುಂಬಿಸುತ್ತಿದ್ದರು. ಮುಖಪುಟಕ್ಕೆ ಯಾವ ಲೇಖನ, ಒಳಪುಟಕ್ಕೆ ಯಾವುದು ಎಂದು ಪ್ರತಿ ತಿಂಗಳು ನಿರ್ಧರಿಸುವ ನಮಗೆ ಈ ವ್ಯವಹಾರ ತೀರಾ ಅಪರಿಚಿತವೇನಲ್ಲ. ತಟ್ಟೆ ಮಗುಚುವ ಸಂಗ್ರಾಹಕ ಮಾಡುತ್ತಿರುವುದು ವಿಮರ್ಶೆಯ ಕೆಲಸ ಎಂಬುದು ನಮ್ಮ ವಾದ.

ಬಹುಪಾಲು ಬಿ ಬದಿಗಳು ಮರೆವಿಗೇ ಯೋಗ್ಯ ಎಂದರೆ ಒಪ್ಪೋಣ. ಲೇಬಲ್ ಮೇಲಿನ ಅಕ್ಷರ ನಂಬಿ ಕೇಳದೆ ಬಿಡಬಾರದು ಎಂಬುದಷ್ಟೇ ಇಲ್ಲಿನ ಮಾತು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಸಂಗ್ರಾಹಕರು ಬೆಲೆ ಕಟ್ಟುವುದು ಹಾಡಿಗಲ್ಲ, ವಿರಳತೆಗೆ. ಮೋಟೌನ್ ಕಂಪನಿ 1965ರಲ್ಲಿ ಅಚ್ಚು ಹಾಕಿ, ಬಿಡುಗಡೆ ಮಾಡದೆ ನಾಶಪಡಿಸಿದ ಫ್ರಾಂಕ್ ವಿಲ್ಸನ್ನರ ‘ಡೂ ಐ ಲವ್ ಯೂ’ ಸಿಂಗಲ್‌ನ ಒಂದು ಪ್ರತಿ 2009ರಲ್ಲಿ 25 ಸಾವಿರ ಪೌಂಡ್ ದಾಟಿತು, 2020ರಲ್ಲಿ ಲಕ್ಷ ಪೌಂಡ್ ಮುಟ್ಟಿತು. ಡಿಜೆಗಳು ಎದುರಾಳಿಗಳಿಗೆ ಸುಳಿವು ಸಿಗದಿರಲೆಂದು ಲೇಬಲ್ ಮೇಲೆ ಕಾಗದ ಅಂಟಿಸಿ, ಹಾಡುಗಾರರಿಗೆ ಸುಳ್ಳು ಹೆಸರಿಟ್ಟದ್ದೂ ಉಂಟು; ಇದನ್ನು ರಸಿಕತೆ ಎನ್ನಲು ನಮಗೆ ಬಾಯಿ ಬಾರದು. ಆದರೂ ವಿಲ್ಸನ್ನರ ಹಾಡು 1979ರಲ್ಲಿ ಬ್ರಿಟನ್ನಿನಲ್ಲಿ ಮರುಮುದ್ರಣವಾಗಿ ಯಾರ ಕೈಗೂ ಎಟುಕುವಂತಾದ ಮೇಲೂ ಜನ ಅದಕ್ಕೆ ಕುಣಿಯುವುದು ಬಿಡಲಿಲ್ಲ. ಲಕ್ಷ ಪೌಂಡ್ ಹಳೆಯ ಅಚ್ಚಿನ ಬೆಲೆ. ಕುಣಿತ ಹಾಡಿಗೆ ಸಂದದ್ದು.

ಕಪ್ಪು ಜನರ ಸಂಗೀತ ಬಿಳಿಯರ ಕಪಾಟಿನಲ್ಲಿ ಬಂಡವಾಳವಾಯಿತಲ್ಲ ಎಂಬ ಆಕ್ಷೇಪಕ್ಕೆ ಇಷ್ಟು ಸಲೀಸಾಗಿ ಉತ್ತರಿಸಲಾಗದು. ಹಳೆಯ ತಟ್ಟೆ ಕೈಬದಲಾದರೆ ಹಾಡಿದವರಿಗೆ ಬಿಡಿಗಾಸೂ ಇಲ್ಲ. ಸಾಫ್ಟ್ ಸೆಲ್ ತಂಡ 1981ರಲ್ಲಿ ‘ಟೇಂಟೆಡ್ ಲವ್’ ಹಾಡಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದಾಗಲೂ ರಚನೆಯ ಹಕ್ಕು ಅದನ್ನು ಬರೆದ ಎಡ್ ಕಾಬ್‌ರದು, ಜೋನ್ಸ್‌ರದಲ್ಲ. (ತಮಾಷೆಯೆಂದರೆ ಆ ತಂಡ ಬಿ ಬದಿಗೂ ಬೇರೆಯವರ ಹಾಡನ್ನೇ ಹಾಕಿ, ರಚನೆಯ ಪಾಲನ್ನು ಪೂರ್ತಿ ಕಳೆದುಕೊಂಡಿತು.) ಹೀಗಾಗಿ ಕಪಾಟಿನಲ್ಲಿ ಬೀಗ ಹಾಕಿಟ್ಟ ಸಂಗ್ರಹಕ್ಕಿಂತ, ಏಸ್ ಕಂಪನಿಯ ಕೆಂಟ್ ಲೇಬಲ್ 1982ರಿಂದ ಮಾಡುತ್ತ ಬಂದ ಕೆಲಸ ನಮಗೆ ಹೆಚ್ಚು ಒಪ್ಪಿಗೆ: ಹಕ್ಕುದಾರರಿಂದ ಪರವಾನಗಿ ಪಡೆದು, ಹಾಡಿದವರು ಬರೆದವರು ಯಾರೆಂದು ಟಿಪ್ಪಣಿ ಸಹಿತ ಅಚ್ಚು ಮಾಡಿ, ಆ ಹಾಡುಗಳನ್ನು ಮತ್ತೆ ಅಂಗಡಿಗೆ ತಂದದ್ದು.