ಪಂಕ್ತಿಯಿಂದೆದ್ದ ಎಣ್ಣೆಯ ದೊರೆ

ನ್ಯೂಯಾರ್ಕಿನ ಡೌ ಜೋನ್ಸ್ ಸೂಚ್ಯಂಕದ ಪಂಕ್ತಿಯಲ್ಲಿ 30 ಕಂಪೆನಿಗಳಿಗೆ ಮಾತ್ರ ಎಲೆ ಹಾಕುವ ಪದ್ಧತಿ. ಹಳೆಯ ಹೆಸರಿನಲ್ಲಿ 1928ರಲ್ಲೇ ಅಲ್ಲಿ ಕುಳಿತ ಎಕ್ಸಾನ್ ಮೊಬಿಲ್ ಎಣ್ಣೆ ಕಂಪೆನಿಯನ್ನು 2020ರ ಆಗಸ್ಟ್ 31ರಂದು ಎಬ್ಬಿಸಿ, ಸೇಲ್ಸ್‌ಫೋರ್ಸ್ ಎಂಬ ಸಾಫ್ಟ್‌ವೇರ್ ಕಂಪೆನಿಯನ್ನು ಕೂರಿಸಲಾಯಿತು. ಸಾಂಕ್ರಾಮಿಕದಿಂದ ಜಗತ್ತಿನ ವಾಹನ ಸಂಚಾರವೇ ಕುಗ್ಗಿದ್ದ ಆ ವರ್ಷ ಎಕ್ಸಾನಿಗೆ ಸುಮಾರು 2,200 ಕೋಟಿ ಡಾಲರ್ ನಷ್ಟ; ಷೇರಿನ ಬೆಲೆ ಸುಮಾರು 40 ಡಾಲರ್. ಎಣ್ಣೆಯ ಕಾಲ ಮುಗಿಯಿತೆಂದು ಷೇರು ಮಾರಿ ನಿಟ್ಟುಸಿರು ಬಿಟ್ಟವರುಂಟು.

2022ರಲ್ಲಿ ರಷ್ಯ ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು, ಎಣ್ಣೆಯ ಬೆಲೆ ಏರಿತು. ಆ ವರ್ಷ ಎಕ್ಸಾನಿಗೆ ದೊರೆತ ಲಾಭ ಸುಮಾರು 5,600 ಕೋಟಿ ಡಾಲರ್. ವರ್ಷಾಂತ್ಯಕ್ಕೆ ಷೇರು 110 ಡಾಲರ್ ಮುಟ್ಟಿತ್ತು. ಪಂಕ್ತಿಯ ಯಜಮಾನರು ಜ್ಯೋತಿಷಿಗಳಲ್ಲವೆಂಬುದು ಮಾರಿದವರಿಗೆ ಆಗ ಹೊಳೆದಿರಬೇಕು.